ಟೇಪು ಕಟ್ಟಿದ ಕಕ್ಕಸು

ಆ ಹೈಸ್ಕೂಲಿನ ಹೊಸ ಕಕ್ಕಸಿಗೆ ಬಾಗಿಲಿತ್ತು. ಬಾಗಿಲಿಗೆ ಬೀಗವಿತ್ತು. ಬೀಗದ ಮುಂದೆ ಕೆಂಪು ಟೇಪು ಕಟ್ಟಿತ್ತು. ಒಳಗೆ ಹೋಗುವವರು ಮಾತ್ರ ಯಾರೂ ಇರಲಿಲ್ಲ. ಹೋಗುತ್ತಿದ್ದವಳು ಒಬ್ಬಳೇ, ತೊಳೆಯುವವಳು.

ಯಾರೂ ಹೋಗದ ಕಕ್ಕಸನ್ನು ದಿನಾ ತೊಳೆಯುವುದೇನಿದೆ ಎಂದು ಯಾರಾದರೂ ಕೇಳಿಯಾರು. ಅವಳಿಗೂ ಮೊದಲ ದಿನ ಹಾಗೇ ಅನಿಸಿತ್ತು. ಆದರೆ ಕೇಳಲಿಲ್ಲ. ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಅದಕ್ಕೇ ಶಾಲೆಯಲ್ಲಿ ಎಲ್ಲರಿಗೂ ಅವಳು ಮೂಕಿ. ಹೆಡ್‌ಮೇಷ್ಟ್ರಿಗೆ ಮೂಕಿ, ಜವಾನನಿಗೆ ಮೂಕಿ, ನಿನ್ನೆ ಮೊನ್ನೆ ಸೇರಿದ ಮಕ್ಕಳಿಗೂ ಮೂಕಿ. ಬಾಯಿ ಇತ್ತು. ಬಾಯಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಅಷ್ಟೆ.

ಟೇಪನ್ನು ಹೊಟ್ಟೆಯ ಎತ್ತರಕ್ಕೆ, ಈ ಗೋಡೆಯ ಮೊಳೆಯಿಂದ ಆ ಗೋಡೆಯ ಮೊಳೆಗೆ ಬಿಗಿದಿದ್ದರು. ಅದನ್ನು ಮುಟ್ಟುವ ಹಾಗಿಲ್ಲ. ಬಿಚ್ಚುವ ಹಾಗಿಲ್ಲ. ದೊಡ್ಡವರು ಬಂದು ಕತ್ತರಿಸುವವರೆಗೆ ಅದು ಹಾಗೇ ಇರಬೇಕು. ಅವಳು ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ಬಗ್ಗಬೇಕು. ಮಂಡಿ ಮಡಚಬೇಕು, ಸೊಂಟ ಮಡಚಬೇಕು, ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕು. ಒಂದು ಹನಿ ನೀರು ಟೇಪಿಗೆ ಸಿಡಿದರೆ ಜವಾನ ಓಡಿ ಬರುತ್ತಿದ್ದ.

"ಬಣ್ಣ ಹೋದ್ರೆ ನಿಮ್ಮಪ್ಪ ತಂದು ಕೊಡ್ತಾನಾ? ಬಗ್ಗು. ಇನ್ನೂ ಬಗ್ಗು."

ಒಳಗೆ ನೀರಿನ ಪೈಪು ಇತ್ತು. ಅದು ಗೋಡೆಯೊಳಗೆ ಹೋಗಿ ಅಲ್ಲೇ ನಿಂತಿತ್ತು. ಎಲ್ಲಿಗೂ ಸೇರಿರಲಿಲ್ಲ. ಆದರೆ ಅತಿಥಿಗಳು ನಲ್ಲಿ ತಿರುಗಿಸಿ ನೋಡಿದರೆ ನೀರು ಬರಬೇಕಲ್ಲ? ಹಾಗಾಗಿ ಅವಳು ಗೇಟಿನ ಪಕ್ಕದ ನಲ್ಲಿಯಿಂದ ನೀರು ಹೊತ್ತು ತಂದು, ಏಣಿ ಹತ್ತಿ, ಮೇಲಿನ ಡ್ರಮ್ಮಿಗೆ ಸುರಿಯುತ್ತಿದ್ದಳು. ಡ್ರಮ್ಮು ತೂತು. ಸಂಜೆಗೆ ಖಾಲಿ. ಬೆಳಿಗ್ಗೆ ಮತ್ತೆ ಏಣಿ, ಮತ್ತೆ ಬಕೆಟ್ಟು. ಅಂಗೈಯಲ್ಲಿ ಬಕೆಟ್ಟಿನ ಹಿಡಿಯ ಗೆರೆ ಕೂತುಬಿಟ್ಟಿತ್ತು. ಅನ್ನ ಕಲಸುವಾಗಲೂ ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ.

ಅತಿಥಿಗಳು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ. ಮೊದಲನೆಯವರು ಬರುವಷ್ಟರಲ್ಲಿ ಅವರ ಕುರ್ಚಿ ಹೋಯಿತು. ಎರಡನೆಯವರಿಗೆ ಹೊರದೇಶದಲ್ಲಿ ಕೆಲಸ ಬಿತ್ತು. ಉದ್ಘಾಟನೆಯ ಕಲ್ಲಿಗೆ ಹೆಸರು ಕೆತ್ತುವವನು ಪ್ರತಿ ಸಲ ಬಂದು ಹಳೆಯ ಹೆಸರಿಗೆ ಸಿಮೆಂಟು ಮೆತ್ತಿ ಹೊಸ ಹೆಸರು ಕೆತ್ತಿ ಹೋದ. ಈಗ ಆ ಕಲ್ಲು ಸಿಡುಬು ಎದ್ದ ಮುಖದ ಹಾಗಿತ್ತು. ಕಲ್ಲನ್ನೂ ಅವಳೇ ಒರೆಸಬೇಕು. ಮೂರನೆಯವರ ಹೆಸರಿನ ಕೆಳಗಿನಿಂದ ಮೊದಲನೆಯವರ ಕೊಂಬು, ದೀರ್ಘಗಳು ಇಣುಕುತ್ತಿದ್ದವು.

ಪಟ್ಟಣ ಮುಗಿದು ಗುಂಡಿಗಳು ಶುರುವಾಗುವ ಕಡೆ ಇತ್ತು ಆ ಶಾಲೆ. ಅದಕ್ಕೆ ಎರಡು ಇತಿಹಾಸ. ಒಂದು ಬಾಗಿಲಲ್ಲೇ ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು: ಮಹನೀಯರ ಔದಾರ್ಯದಿಂದ ಈ ಜ್ಞಾನಮಂದಿರ ತಲೆ ಎತ್ತಿತು, ಸುಸಜ್ಜಿತ ಪ್ರಯೋಗಾಲಯ, ವಿಶಾಲ ಗ್ರಂಥಾಲಯ, ಆಟದ ಅಂಗಳ. ಇನ್ನೊಂದು ಅವಳ ಅಮ್ಮ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಹೇಳುತ್ತಿದ್ದದ್ದು: ನಿಮ್ಮಜ್ಜಿ ಬಸುರಿ ಇದ್ದಾಗಲೂ ಇಟ್ಟಿಗೆ ಹೊತ್ತಳು ಕಣ್ರೇ, ಆ ಮೂಲೆ ಕೋಣೆ ಪಾಯ ತೋಡುವಾಗ ನಾನು ಹುಟ್ಟಿದ್ದು. ಮಹನೀಯರ ಹೆಸರುಗಳು ಗೋಡೆಯ ಮೇಲಿದ್ದವು. ಅಜ್ಜಿ ಗೋಡೆಯೊಳಗಿದ್ದಳು.

ಪ್ರಯೋಗಾಲಯ ಇತ್ತು. ಅದರಲ್ಲಿ ಒಂದು ಅಸ್ಥಿಪಂಜರ ಇತ್ತು, ಎಡಗೈ ಇರಲಿಲ್ಲ. ಗ್ರಂಥಾಲಯ ಇತ್ತು, ಬೀರುವಿನ ಬೀಗದ ಕೈ ಹಿಂದಿನ ಹೆಡ್‌ಮೇಷ್ಟ್ರ ಜೊತೆ ನಿವೃತ್ತಿಯಾಗಿತ್ತು. ಮಕ್ಕಳು ಗಾಜಿನಾಚೆಯಿಂದ ಪುಸ್ತಕದ ಬೆನ್ನು ಓದಿ ಬರುತ್ತಿದ್ದರು. ಆಟದ ಅಂಗಳದಲ್ಲಿ ಬುಟ್ಟಿ ಇಲ್ಲದ ಒಂದು ಬಾಸ್ಕೆಟ್‌ಬಾಲ್ ಕಂಬ, ಅದಕ್ಕೆ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಮೇಷ್ಟ್ರುಗಳಿಗೆ ಆಫೀಸಿನ ಹಿಂದೆ ಒಂದು ಕಕ್ಕಸು. ಹುಡುಗರಿಗೆ ದೇವರು ಕೊಟ್ಟ ಗೋಡೆಗಳು. ಹುಡುಗಿಯರೂ ಓದಲು ಬರುತ್ತಾರೆ ಎಂಬುದು ಕಟ್ಟಿದವರಿಗೆ ಹೊಳೆದಿರಲಿಲ್ಲ. ಬಂದಮೇಲೂ ಯಾರಿಗೂ ಹೊಳೆಯಲಿಲ್ಲ. ಅವರು ಕಾಂಪೌಂಡಿನ ಹಿಂದೆ ಪೊದೆಗೆ ಹೋಗುತ್ತಿದ್ದರು.

ಅವಳೂ ಹೋಗಿದ್ದವಳೇ. ಎಂಟನೇ ಕ್ಲಾಸು ಓದಿದ್ದು ಇಲ್ಲೇ. ಆಗ ಶಾಲೆ ತೊಳೆಯುತ್ತಿದ್ದದ್ದು ಅಮ್ಮ. ಒಂದು ದಿನ ಅಮ್ಮ ಏಣಿಯಿಂದ ಬಿದ್ದು ಸೊಂಟ ಹೋಯಿತು. ಮರುದಿನ ಲೆಕ್ಕದ ಮೇಷ್ಟ್ರು ಪಾಠದ ನಡುವೆ ಅವಳನ್ನು ಎಬ್ಬಿಸಿದರು.

"ನಿಮ್ಮಮ್ಮ ಬಂದಿಲ್ಲ. ನೀನಿದೀಯಲ್ಲ, ಎದ್ದು ಹೋಗು. ಸ್ಟಾಫ್ ಕಕ್ಕಸು ನಾರ್ತಾ ಇದೆ. ಇದಕ್ಕೇನು ಲೆಕ್ಕ ಕಲೀಬೇಕಾ?"

ಕ್ಲಾಸು ನಕ್ಕಿತು. ಯೂನಿಫಾರಮ್ಮಿನಲ್ಲೇ ತೊಳೆದಳು. ಲಂಗದ ಅಂಚು ಒದ್ದೆ ಮಾಡಿಕೊಂಡು ವಾಪಸ್ ಬಂದಾಗ ಬೆಂಚಿನಲ್ಲಿದ್ದವರು ಒಬ್ಬರನ್ನೊಬ್ಬರು ಒತ್ತಿಕೊಂಡು ಆ ತುದಿಗೆ ಸರಿದರು. ಒಬ್ಬಳು ಮೂಗು ಮುಚ್ಚಿದಳು. ಮಾರನೆಯ ದಿನವೂ ಎಬ್ಬಿಸಿದರು. ಅದರ ಮಾರನೆಯ ದಿನ ಅವಳು ಪುಸ್ತಕದ ಚೀಲ ಮನೆಯಲ್ಲೇ ಬಿಟ್ಟು ಬಂದಳು. ಹೊರುವುದು ದಂಡ ಅನಿಸಿತು. ಆ ಲೆಕ್ಕದ ಮೇಷ್ಟ್ರೇ ಈಗಿನ ಹೆಡ್‌ಮೇಷ್ಟ್ರು. ಬಂದವರಿಗೆಲ್ಲ ಅವಳನ್ನು ತೋರಿಸಿ ಹೇಳುತ್ತಿದ್ದರು:

"ನಮ್ಮ ಹಳೇ ವಿದ್ಯಾರ್ಥಿನಿ. ಪಾಪ, ನಾನೇ ಕೈ ಹಿಡಿದು ಕೆಲಸಕ್ಕೆ ಹಚ್ಚಿದ್ದು."

ಈಗ ಅದೇ ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿ ತಂಗಿ ಓದುತ್ತಿದ್ದಳು. ತಂಗಿ ವಾಚಾಳಿ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಒಂದು ಸಂಜೆ ಬಂದವಳೇ ಚೀಲ ಮೂಲೆಗೆ ಎಸೆದಳು.

"ಅಕ್ಕ, ನಾಳೆಯಿಂದ ನಾನು ಹೋಗಲ್ಲ."

"ಎಲ್ಲಿಗೆ?"

"ಎಲ್ಲಿಗೂ. ಪೊದೆಗೂ ಹೋಗಲ್ಲ, ಸ್ಕೂಲಿಗೂ ಹೋಗಲ್ಲ. ಪೊದೆ ಎಲ್ಲಿದೆ ಈಗ? ಅಲ್ಲಿ ಅಪಾರ್ಟ್‌ಮೆಂಟ್ ಏಳ್ತಾ ಇದೆ. ಗಾರೆ ಕೆಲಸದವರು ಮೇಲೆ ಕೂತು ನೋಡ್ತಾರೆ. ಇವತ್ತು ಒಬ್ಬ ಸೀಟಿ ಹೊಡೆದ. ಇನ್ನೊಬ್ಬ ಏನಂದ ಗೊತ್ತಾ? ನೋಡ್ರೋ, ಗಿಡಕ್ಕೆ ನೀರು ಹಾಕೋಕೆ ಬಂದ್ರು, ಅಂದ."

ಮಲಗಿದ್ದಲ್ಲಿಂದಲೇ ಅಮ್ಮ, "ನೀರು ಕುಡಿದು ಹೋಗಬೇಡ ಕಣೆ. ನಾವೆಲ್ಲ ಹಾಗೇ ಮಾಡಿದ್ದು," ಅಂದಳು.

"ಎಲ್ಲಿ ಕುಡೀತೀನಿ ಅಮ್ಮ? ಬೆಳಿಗ್ಗೆಯಿಂದ ಒಂದು ಗುಟುಕಿಲ್ಲ. ತಲೆ ತಿರುಗುತ್ತೆ. ಮೇಡಂ ಬೋರ್ಡ್ ಮೇಲೆ ಒಂದು ಬರೆದ್ರೆ ನನಗೆ ಎರಡು ಕಾಣುತ್ತೆ. ಎಲ್ಲರಿಗಿಂತ ಡಬಲ್ ಓದ್ತಾ ಇದೀನಿ." ನಗಿಸಲು ಹೋದವಳು ತಾನೇ ಅತ್ತಳು. "ನೀನೂ ಬಿಟ್ಟೆ ಅಲ್ವಾ ಅಕ್ಕ? ಬಿಟ್ಟಿದ್ದಕ್ಕೆ ಸತ್ತುಹೋದೆಯಾ?"

ಅಕ್ಕ ತನ್ನ ಮಡಚಿದ ಬೆರಳುಗಳನ್ನು ನೋಡಿಕೊಂಡಳು.

"ಸುವರ್ಣ ಮಹೋತ್ಸವದ ದಿನ ಟೇಪ್ ಕತ್ತರಿಸ್ತಾರೆ. ಈ ಸಲ ಅತಿಥಿ ಬಂದೇ ಬರ್ತಾರಂತೆ. ಅಲ್ಲಿವರೆಗೆ ತಡಿ."

"ಆವತ್ತು ನಾನು ಒಳಗೆ ಹೋಗ್ತೀನಾ?"

"ಹೋಗ್ತೀಯ."

"ನನ್ನಾಣೆ?"

"ನಿನ್ನಾಣೆ."

ತಂಗಿ ಚೀಲವನ್ನು ಮೂಲೆಯಿಂದ ಎತ್ತಿಟ್ಟಳು. ಆದರೆ ಬಿಚ್ಚಲಿಲ್ಲ.

ಮಹೋತ್ಸವ ಹತ್ತಿರ ಬಂತು. ಶಾಲೆಯಲ್ಲಿ ಮುರಿದದ್ದು ಯಾವುದೂ ಅತಿಥಿಗಳ ಕಣ್ಣಿಗೆ ಬೀಳಬಾರದು ಎಂದು ಹೆಡ್‌ಮೇಷ್ಟ್ರ ಅಪ್ಪಣೆಯಾಯಿತು. ಮುರಿದದ್ದನ್ನೆಲ್ಲ ತೆಗೆಯುತ್ತಾ ಹೋದರೆ ಉಳಿಯುವುದು ಹೆಡ್‌ಮೇಷ್ಟ್ರೊಬ್ಬರೇ ಎಂದ ಜವಾನ. ಎಲ್ಲಿ ಬಚ್ಚಿಡುವುದು? ಆಫೀಸಿನ ಹಿಂದಿನ ಸ್ಟಾಫ್ ಕಕ್ಕಸಿನಲ್ಲಿ. ಹೊರುವವಳು ಯಾರು? ಮೂಕಿ. ಕಾಲಿಲ್ಲದ ಬೆಂಚು, ತೂತಾದ ನಕಾಶೆ, ಚೂರಾದ ಗ್ಲೋಬು, ಎಲ್ಲವನ್ನೂ ಸೊಂಟಕ್ಕೆ ಆನಿಸಿಕೊಂಡು ಒಳಗೆ ತುರುಕಿದಳು. ಕೊನೆಗೆ ಉಳಿದದ್ದು ಅಸ್ಥಿಪಂಜರ. ನಿಲ್ಲಿಸಲು ಜಾಗವಿಲ್ಲ. ಕಮೋಡಿನ ಮೇಲೆ ಕೂರಿಸಿ ಬಾಗಿಲು ಹಾಕಿದಳು. ಇಡೀ ಶಾಲೆಯಲ್ಲಿ ಅಂದು ನೆಮ್ಮದಿಯಾಗಿ ಕೂತದ್ದು ಅದೊಂದೇ. ಮೇಷ್ಟ್ರುಗಳು ಆವತ್ತು ಬಾಟಲಿಯಲ್ಲಿ ತಂದ ನೀರನ್ನು ಹಾಗೇ ಮನೆಗೆ ಒಯ್ದರು. ಒಂದೇ ದಿನಕ್ಕೆ ಅವರ ಮುಖ ಸಣ್ಣಗಾಯಿತು.

ಮಹೋತ್ಸವದ ಬೆಳಿಗ್ಗೆ ಅವಳು ಹೆಡ್‌ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಅವರು ಕನ್ನಡಿ ನೋಡಿಕೊಂಡು ಭಾಷಣ ಉರು ಹೊಡೆಯುತ್ತಿದ್ದರು.

"ಸಾರ್."

ಹೆಡ್‌ಮೇಷ್ಟ್ರು ಬೆಚ್ಚಿಬಿದ್ದು ತಿರುಗಿದರು. "ಅರೆ! ಮೂಕಿ ಮಾತಾಡ್ತಾಳೆ!"

"ಟೇಪ್ ಕತ್ತರಿಸಿದ ಮೇಲೆ ಬೀಗದ ಕೈ ಯಾರ ಹತ್ರ ಕೊಡ್ಲಿ ಸಾರ್?"

"ಯಾರಿಗೂ ಕೊಡಬೇಡ. ಈಗಿರೋ ಹಾಗೆ ನಿನ್ನ ಕೊರಳಲ್ಲೇ ಇರಲಿ. ಫೋಟೋ ಆದ ತಕ್ಷಣ ಬೀಗ ಜಡಿದುಬಿಡು. ಮುಂದಿನ ತಿಂಗಳು ತಪಾಸಣೆ ತಂಡ ಬರುತ್ತೆ. ಅವರು ನೋಡೋವರೆಗೂ ಪಳಪಳ ಅನ್ನಬೇಕು."

"ಆಮೇಲೆ?"

"ಆಮೇಲೆ ಮಾದರಿ ಶಾಲೆ ಸ್ಪರ್ಧೆ. ಅದಕ್ಕೂ ನಮ್ಮ ಹತ್ರ ತೋರಿಸೋಕೆ ಇರೋದು ಇದೊಂದೇ."

"ಹುಡುಗೀರು ಸಾರ್?"

"ಹುಡುಗೀರು ಏನು?"

ಅವಳು ಬಾಗಿಲಲ್ಲಿ ನಿಂತೇ ಇದ್ದಳು. ಹೆಡ್‌ಮೇಷ್ಟ್ರಿಗೆ ಸಿಟ್ಟು ಬಂತು.

"ಅಲ್ಲಮ್ಮ, ಇಷ್ಟು ಚೆನ್ನಾಗಿ ಕಟ್ಟಿಸಿದೀವಿ. ಹುಡುಗೀರಿಗೆ ಬಿಟ್ರೆ ಅದು ಕಕ್ಕಸಾಗಿ ಹೋಗಲ್ವಾ? ಐವತ್ತು ವರ್ಷ ಇಲ್ಲದೇ ನಡೀತು. ಈಗೇನು ಅವಸರ? ಹೋಗು, ನೀರು ತುಂಬು."

ಅವಳು ಹೋದಳು. ನೀರು ತುಂಬಿದಳು.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನೆರಳು ವೇದಿಕೆಗೆ ಮಾತ್ರ ಸಾಲುವಷ್ಟಿತ್ತು. ಹುಡುಗಿಯರನ್ನು ಮುಂದಿನ ಸಾಲುಗಳಲ್ಲಿ, ಬಿಸಿಲಲ್ಲಿ ಕೂರಿಸಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತಾರೆ ಎಂದು. ಅವರ ತುಟಿಗಳು ಒಣಗಿ ಬಿಳಿಚಿಕೊಂಡಿದ್ದವು. ಯಾರೂ ನೀರು ಕೇಳಲಿಲ್ಲ. ಅತಿಥಿಗಳು ಬಂದರು. ಸೂಟು ಹಾಕಿದ್ದ ವಯಸ್ಸಾದ ಮನುಷ್ಯ. ಬೆಳಿಗ್ಗೆಯಿಂದ ಅವರಿಗೆ ಇದು ಎಷ್ಟನೆಯ ಉದ್ಘಾಟನೆಯೋ, ಹೋದಲ್ಲೆಲ್ಲ ಟೀ ಕುಡಿಸಿದ್ದರು. ಇಲ್ಲೂ ದೊಡ್ಡ ಲೋಟದಲ್ಲಿ ಹಣ್ಣಿನ ರಸ ಕೊಟ್ಟರು. ದಾಕ್ಷಿಣ್ಯದ ಮನುಷ್ಯ, ಕುಡಿದರು.

ಹೆಡ್‌ಮೇಷ್ಟ್ರು ಶಾಲೆಯ ಇತಿಹಾಸ ಶುರುಮಾಡಿದರು. ಈ ಜಾಗ ಬರೀ ಬಯಲಾಗಿದ್ದ ಕಾಲದಿಂದ ಹಿಡಿದುಕೊಂಡರು. ಮೊದಲ ಇಟ್ಟಿಗೆ ಇಟ್ಟವರ ಹೆಸರು ಬಂತು. ಹೊತ್ತವರ ಹೆಸರು ಬರಲಿಲ್ಲ. ಹತ್ತು ವರ್ಷ ದಾಟುವಷ್ಟರಲ್ಲಿ ಅತಿಥಿಗಳು ಕಾಲ ಮೇಲೆ ಕಾಲು ಹಾಕಿದರು. ಹದಿನೈದಕ್ಕೆ ಕಾಲು ಬದಲಿಸಿದರು. ಇಪ್ಪತ್ತಕ್ಕೆ ಮುಂದಕ್ಕೆ ಬಾಗಿ ಹೆಡ್‌ಮೇಷ್ಟ್ರ ಅಂಗಿ ಎಳೆದು ಪಿಸುಗುಟ್ಟಿದರು. ಬೆಳಿಗ್ಗೆಯಿಂದ ಹಲೋ ಹಲೋ ಎಂದರೂ ಬರೀ ಗೊರಗುಡುತ್ತಿದ್ದ ಮೈಕು ಆ ಪಿಸುಮಾತನ್ನು ಮಾತ್ರ ಚೆನ್ನಾಗಿ ಹಿಡಿಯಿತು. ಇಡೀ ಬಡಾವಣೆಗೆ ಕೇಳಿಸಿತು.

"ಇಲ್ಲಿ... ಟಾಯ್ಲೆಟ್ ಎಲ್ಲಿದೆ?"

ಹೆಡ್‌ಮೇಷ್ಟ್ರ ಮುಖ ಅರಳಿತು. "ನಮ್ಮ ಹೊಸ ಶೌಚಾಲಯದ ಬಗ್ಗೆ ಮಾನ್ಯ ಅತಿಥಿಗಳು ಎಷ್ಟು ಕಾತರದಿಂದ ಇದ್ದಾರೆ ನೋಡಿ! ಮಕ್ಕಳೇ, ಚಪ್ಪಾಳೆ!"

ಚಪ್ಪಾಳೆ ಬಿತ್ತು. ಅತಿಥಿಗಳು ಮತ್ತೆ ಅಂಗಿ ಎಳೆದರು.

"ಆಯ್ತು ಸಾರ್, ಬಂದೇಬಿಡ್ತು. ಇನ್ನು ಮೂವತ್ತೇ ವರ್ಷ ಬಾಕಿ."

ಇದೆಲ್ಲ ಕಕ್ಕಸಿನ ಹತ್ತಿರ ಕಟ್ಟಿದ್ದ ಸ್ಪೀಕರಿನಲ್ಲಿ ಅವಳಿಗೆ ಕೇಳುತ್ತಿತ್ತು. ಕೊನೆಯ ಎರಡು ಬಕೆಟ್ಟು ಹಿಡಿದು ಗೇಟಿನಿಂದ ಬರುತ್ತಿದ್ದಳು. ಟೇಪಿನ ಪಕ್ಕ ತಂಗಿ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕತ್ತರಿ. ನೋಡಲು ಲಕ್ಷಣವಾಗಿದ್ದಾಳೆ ಎಂದು ಡ್ರಿಲ್ ಮೇಷ್ಟ್ರು ಆರಿಸಿದ್ದರು. ಆ ಲಕ್ಷಣದ ಮುಖ ಈಗ ಸುಣ್ಣದ ಹಾಗಿತ್ತು. ತೊಡೆಗಳನ್ನು ಒತ್ತಿ ಹಿಡಿದಿದ್ದಳು. ತಟ್ಟೆಯಲ್ಲಿ ಕತ್ತರಿ ಕಟಕಟ ಅನ್ನುತ್ತಿತ್ತು.

"ಅಕ್ಕ, ಆಗ್ತಿಲ್ಲ."

"ಎಷ್ಟೊತ್ತಿಂದ ನಿಂತಿದೀಯ?"

"ಶಾಲೆ ಸ್ಥಾಪನೆ ಆದಾಗಿಂದ." ನಗಲು ಹೋಗಿ ತುಟಿ ಕಚ್ಚಿಕೊಂಡಳು. "ಸತ್ರೂ ತಟ್ಟೆ ಬಿಟ್ಟು ಅಲ್ಲಾಡಬೇಡ ಅಂದಿದಾರೆ. ಅಕ್ಕ, ಇಲ್ಲೇ ಆಗಿಬಿಟ್ರೆ ನಾನು ಇನ್ನು ಈ ಗೇಟಿನೊಳಗೆ ಕಾಲಿಡಲ್ಲ. ನಿಜವಾಗ್ಲೂ ಇಡಲ್ಲ."

ಅವಳು ಟೇಪಿನ ಮುಂದೆ ನಿಂತಳು. ಬಗ್ಗಬೇಕಿತ್ತು. ಮಂಡಿಗೆ ಗೊತ್ತಿತ್ತು, ಸೊಂಟಕ್ಕೆ ಗೊತ್ತಿತ್ತು, ಮೈ ತಾನಾಗೇ ಮಡಚಿಕೊಳ್ಳಲು ಹೊರಟಿತು. ಅವಳು ಅದನ್ನು ತಡೆದಳು.

ಬಗ್ಗಲಿಲ್ಲ.

ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು, ತಲೆ ಎತ್ತಿ, ನೇರವಾಗಿ ನಡೆದಳು. ಟೇಪು ಹೊಟ್ಟೆಗೆ ತಾಗಿತು. ಬಿಗಿಯಾಯಿತು. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಟೇಪು ಹರಿಯಲಿಲ್ಲ. ಬಲಗಡೆಯ ಮೊಳೆಯೇ ಕಿತ್ತು ಬಂತು, ಜೊತೆಗೆ ಹೊಸ ಗೋಡೆಯ ಒಂದು ಹಿಡಿ ಗಾರೆ. ನೀರು ತುಳುಕಿ ಕಾಲು ಒದ್ದೆಯಾಯಿತು. ಬಕೆಟ್ಟು ಇಳಿಸಿದಳು. ಕೊರಳಿಂದ ಬೀಗದ ಕೈ ತೆಗೆದಳು. ಬಾಗಿಲು ತೆರೆದಳು.

"ಹೋಗು."

ತಂಗಿ ತಟ್ಟೆ ಸಮೇತ ಒಳಗೆ ಓಡಿದಳು.

ಹೊರಗೆ ಬಂದಾಗ ಅವಳ ಮುಖಕ್ಕೆ ರಕ್ತ ವಾಪಸ್ ಬಂದಿತ್ತು, ಬಾಯಿಗೆ ಮಾತೂ ವಾಪಸ್ ಬಂದಿತ್ತು. ನೇರ ಅಂಗಳಕ್ಕೆ ಹೋಗಿ ಶಾಮಿಯಾನದ ಕಂಬ ಹಿಡಿದು ಕೂಗಿದಳು:

"ಬೀಗ ತೆಗೆದಿದೆ ಕಣ್ರೇ! ನೀರೂ ಇದೆ!"

ಮೊದಲ ಸಾಲು ಎದ್ದಿತು. ಅದನ್ನು ನೋಡಿ ಎರಡನೆಯದು ಎದ್ದಿತು. ಬಿಸಿಲಲ್ಲಿ ಕೂತಿದ್ದ ಇಡೀ ನೀಲಿ ಲಂಗಗಳ ರಾಶಿ ಎದ್ದು ನಡೆಯತೊಡಗಿತು.

"ಕೂತ್ಕೊಳ್ಳಿ! ಕೂತ್ಕೊಳ್ರೇ!" ಹೆಡ್‌ಮೇಷ್ಟ್ರು ಮೈಕಿನಲ್ಲಿ ಕಿರುಚಿದರು. "ಇತಿಹಾಸ ಇನ್ನೂ ಮುಗಿದಿಲ್ಲ!"

ಯಾರೂ ಕೂರಲಿಲ್ಲ. ಅತಿಥಿಗಳೂ ಎದ್ದರು. ಅವರು ಹುಡುಗಿಯರ ಹಿಂದೆಯೇ, ಹೆಚ್ಚೂಕಡಿಮೆ ಓಡುತ್ತಾ ಬಂದರು. ಅವರ ಹಿಂದೆ ಹೆಡ್‌ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಜವಾನ, ಫೋಟೋದವನು.

ಕಕ್ಕಸಿನ ಮುಂದೆ ಸಾಲು ಗೇಟಿನವರೆಗೆ ಬೆಳೆದಿತ್ತು. ಅವಳು ಬಾಗಿಲಲ್ಲಿ ನಿಂತು, ಒಬ್ಬಳು ಹೊರಗೆ ಬಂದ ಮೇಲೆ ಇನ್ನೊಬ್ಬಳನ್ನು ಬಿಡುತ್ತಿದ್ದಳು. ಪ್ರತಿಯೊಬ್ಬಳ ಕೈಗೂ ಒಂದು ಚೊಂಬು ನೀರು.

"ಏಯ್ ಮೂಕಿ! ಯಾರೇ ತೆಗಿ ಅಂದಿದ್ದು? ಟೇಪ್ ಎಲ್ಲಿ?"

ಅವಳು ಕೆಳಗೆ ನೋಡಿಕೊಂಡಳು. "ನನ್ನ ಹೊಟ್ಟೆ ಮೇಲಿದೆ ಸಾರ್."

ನಿಜಕ್ಕೂ ಅಲ್ಲೇ ಸಿಕ್ಕಿಕೊಂಡಿತ್ತು. ಜವಾನ ಎಳೆದುಕೊಂಡ. ಹೆಡ್‌ಮೇಷ್ಟ್ರು ಅದರ ಒಂದು ತುದಿಯನ್ನು ಜವಾನನಿಗೂ ಇನ್ನೊಂದು ತುದಿಯನ್ನು ಡ್ರಿಲ್ ಮೇಷ್ಟ್ರಿಗೂ ಹಿಡಿಸಿ, ಸಾಲಿನ ಪಕ್ಕದಲ್ಲೇ, ಬರೀ ಗಾಳಿಗೆ ಅಡ್ಡವಾಗಿ ನಿಲ್ಲಿಸಿದರು. "ಸಾರ್, ಒಂದೇ ಒಂದು ಕ್ಲಿಕ್." ಅತಿಥಿಗಳು ಮಂಡಿಗೆ ಮಂಡಿ ಒತ್ತಿಕೊಂಡು, ಬೆವರುತ್ತಾ, ತಂಗಿ ಹಿಡಿದ ತಟ್ಟೆಯಿಂದ ಕತ್ತರಿ ತೆಗೆದು ಕತ್ತರಿಸಿ, ಮತ್ತೆ ತಟ್ಟೆಗೆ ಹಾಕಿದರು. ಫೋಟೋದವನು ನಗಿ ಸಾರ್ ಅಂದ. ಅವರು ಅಳುವವರ ಹಾಗೆ ನಕ್ಕರು. ಆಮೇಲೆ ಬಾಗಿಲಿಗೆ ನುಗ್ಗಿದರು.

ಅವಳು ಕೈ ಅಡ್ಡ ಹಿಡಿದಳು.

"ಸಾಲಲ್ಲಿ ಬನ್ನಿ ಸಾರ್."

"ಇವರು ಯಾರು ಅಂತ ಗೊತ್ತೇನೇ ನಿನಗೆ?" ಹೆಡ್‌ಮೇಷ್ಟ್ರ ದನಿ ಏರಿತು.

"ಗೊತ್ತು ಸಾರ್. ಅರ್ಜೆಂಟ್ ಇರೋರು. ಇವರೆಲ್ಲರಿಗೂ ಅರ್ಜೆಂಟೇ. ಇವರು ಐವತ್ತು ವರ್ಷದಿಂದ ನಿಂತಿದಾರೆ."

ಅತಿಥಿಗಳು ವಾದಿಸುವ ಸ್ಥಿತಿಯಲ್ಲಿರಲಿಲ್ಲ. "ಬೇರೆ ಇಲ್ವೇನ್ರೀ?" ಎಂದು ಹೆಡ್‌ಮೇಷ್ಟ್ರ ತೋಳು ಹಿಡಿದು ಅಲ್ಲಾಡಿಸಿದರು. ಹೆಡ್‌ಮೇಷ್ಟ್ರು ಅಲ್ಲಿ ಮುರುಕಲು ತುಂಬಿಸಿದ್ದನ್ನು ಮರೆತೇಬಿಟ್ಟು ಅವರನ್ನು ಆಫೀಸಿನ ಹಿಂದಕ್ಕೆ ಕರೆದುಕೊಂಡು ಓಡಿದರು. ಸ್ಟಾಫ್ ಕಕ್ಕಸಿನ ಬಾಗಿಲು ತೆರೆಯಿತು. ಅತಿಥಿಗಳು ಒಂದು ಕ್ಷಣ ಒಳಗೆ ನೋಡಿದರು. "ಸಾರಿ," ಎಂದು ಬಾಗಿಲು ಎಳೆದುಕೊಂಡರು. "ಅಲ್ಲಿ ಯಾರೋ ಕೂತಿದಾರೆ."

ಇನ್ನು ಉಳಿದದ್ದು ಕಾಂಪೌಂಡಿನ ಹಿಂದುಗಡೆ. ಡ್ರಿಲ್ ಮೇಷ್ಟ್ರು ಕೋಟು ಬಿಚ್ಚಿ ಮರೆ ಹಿಡಿದರು. ಪಕ್ಕಕ್ಕೆ ಮರೆಯಾಯಿತು, ಮೇಲಕ್ಕಾಗಲಿಲ್ಲ. ಏಳುತ್ತಿದ್ದ ಅಪಾರ್ಟ್‌ಮೆಂಟಿನ ಗಾರೆ ಕೆಲಸದವರು ಸಾರುವೆಯ ಮೇಲೆ ಕಾಲು ಇಳಿಬಿಟ್ಟು ಬುತ್ತಿ ಬಿಚ್ಚುತ್ತಿದ್ದರು. ಒಂದು ಸೀಟಿ ಬಿತ್ತು.

"ನೋಡ್ರೋ! ಇವತ್ತು ಸೂಟು ಹಾಕ್ಕೊಂಡು ಬಂದಿದಾರೆ, ಗಿಡಕ್ಕೆ ನೀರು ಹಾಕೋಕೆ!"

ಸಾಲಿನಲ್ಲಿದ್ದ ಹುಡುಗಿಯರಿಗೆ ಅದು ಕೇಳಿಸಿತು. ಒಬ್ಬಳು ಕಿಸಕ್ಕೆಂದಳು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. "ನಗಿಸಬೇಡ್ರೇ, ನಗಿಸಬೇಡ್ರೇ, ನನ್ನ ಸರದಿ ಇನ್ನೂ ಬಂದಿಲ್ಲ," ಎಂದು ಹಿಂದಿನಿಂದ ಒಬ್ಬಳು ಅಂಗಲಾಚಿದಳು.

ಅತಿಥಿಗಳ ಕಾರು ಹೋಯಿತು. ಸಾಲು ಕರಗುತ್ತಾ ಬಂತು. ಡ್ರಮ್ಮಿನ ನೀರು ತಳ ಮುಟ್ಟಿತು. ನೆಲ ಒದ್ದೆಯಾಗಿತ್ತು, ಕೆಸರಿನ ಕಾಲಿನ ಗುರುತು ಬಿದ್ದಿತ್ತು, ವಾಸನೆಯೂ ಇತ್ತು. ಹೆಡ್‌ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಅದು ಕಕ್ಕಸಾಗಿ ಹೋಗಿತ್ತು.

ಕೊನೆಯ ಹುಡುಗಿ ಹೊರಗೆ ಬಂದಳು. ಒಂದು ಬಕೆಟ್ಟು ನೀರು ಉಳಿದಿತ್ತು. ಅಕ್ಕ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಈ ಸಲ ಪೊರಕೆ ತೆಗೆದುಕೊಳ್ಳಲಿಲ್ಲ. ಚಿಲಕ ಹಾಕಿಕೊಂಡಳು. ಆ ಚಿಲಕವನ್ನು ಎಷ್ಟೋ ಸಲ ಉಜ್ಜಿದ್ದಳು, ಒಳಗಿನಿಂದ ಹಾಕಿರಲಿಲ್ಲ. ಕೂತಳು. ಬೆಳಿಗ್ಗೆಯಿಂದ ಅವಳೂ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಯೋಚಿಸಿರಲಿಲ್ಲ.

ಹೊರಗೆ ದಪದಪ ಹೆಜ್ಜೆ. ಬಾಗಿಲ ಮೇಲೆ ಹೆಡ್‌ಮೇಷ್ಟ್ರ ಗುದ್ದು.

"ಬೀಗದ ಕೈ ಕೊಡು! ನಾಳೆಯಿಂದ ಕೆಲಸಕ್ಕೆ ಬರಬೇಡ! ಅದರಲ್ಲಿ ಕೂರೋಕೆ ನೀನು ಯಾರೇ? ಎದ್ದು ಹೊರಗೆ ಬಾ!"

"ಸಾರ್, ನಮ್ಮಕ್ಕ ಒಳಗಿದಾಳೆ," ಎಂದಳು ತಂಗಿ. ಅವಳು ಬಾಗಿಲ ಮುಂದೆ ನಿಂತಿರಬೇಕು. ತಟ್ಟೆಯಲ್ಲಿ ಕತ್ತರಿ ಕಟ್ ಅಂದದ್ದು ಕೇಳಿಸಿತು.

"ಸರಿಯೇ ಆಚೆ! ಎಬ್ಬಿಸು ಅವಳನ್ನ! ಏಯ್ ಮೂಕಿ!"

ಗುದ್ದು ಜೋರಾಯಿತು. ಚಿಲಕ ಕುಣಿಯಿತು. ಒಮ್ಮೆ ಅವರು ಎಬ್ಬಿಸಿದಾಗ ಅವಳು ಎದ್ದಿದ್ದಳು. ಬೆಂಚಿನಿಂದ ಎದ್ದವಳು ಮತ್ತೆ ಕೂತಿರಲಿಲ್ಲ.

ಅವಳು ಏಳಲಿಲ್ಲ. ಗಂಟಲು ಸರಿಮಾಡಿಕೊಂಡಳು. ಅಂಗಳದ ಆ ತುದಿಗೂ ಕೇಳುವ ಹಾಗೆ ಕೂಗಿದಳು:

"ತಡೀರಿ! ಒಳಗೆ ಜನ ಇದ್ದಾರೆ!"